ಎಬ್ಬಿಸುವವರು
ಕೋಣನಕುಂಟೆಯಲ್ಲಿ ಒಬ್ಬನೇ ಇದ್ದ ನನ್ನ ಗೆಳೆಯ ಬೈಲಪ್ಪ ಭಾನುವಾರ ನಿದ್ದೆಯಲ್ಲೇ ತೀರಿಕೊಂಡ. ಕೆರೆ ಒಡೆದರೆ, ಹಳ್ಳ ಉಕ್ಕಿದರೆ ಯಾವ ಮನೆಗೆ ಎಷ್ಟು ಅಪಾಯ ಎಂದು ತಾಲ್ಲೂಕಿನ ಹಳ್ಳಿಗಳಲ್ಲಿ ಅಂದಾಜು ಮಾಡುವುದು ಅವನ ಕೆಲಸವಾಗಿತ್ತು. ಮದುವೆ ಛತ್ರದಲ್ಲೂ ಹಿಂಬಾಗಿಲು ಎಲ್ಲಿದೆಯೆಂದು ನೋಡಿಕೊಂಡ ಮೇಲೇ ಎಲೆಯ ಮುಂದೆ ಕೂರುತ್ತಿದ್ದ. ಹಳ್ಳಿಯಲ್ಲಿ ಒಂಟಿ ಮುದುಕಿಯರನ್ನು ಕಂಡರೆ, "ಅಜ್ಜಿ, ನೀರು ಬಂದ್ರೆ ನಿಮ್ಮನ್ನ ಎಬ್ಬಿಸೋರು ಯಾರು? ಒಳಗಿಂದ ಚಿಲಕ ಹಾಕ್ಬೇಡಿ, ಪಕ್ಕದೋರು ಒಳಗೆ ಬರೋಕಾಗಲ್ಲ" ಎನ್ನುತ್ತಿದ್ದ. "ನಿನ್ನನ್ನ ಎಬ್ಬಿಸೋರು ಯಾರು ಗುರು?" ಎಂದು ನಾನು ರೇಗಿಸಿದರೆ, "ನಂದು ಮೂರನೇ ಮಹಡಿ, ಅಲ್ಲಿಗ್ಯಾವ ನೀರು ಬರುತ್ತೆ ಬಿಡು" ಎಂದು ನಗುತ್ತಿದ್ದ. ಭಾನುವಾರ ಬೆಳಿಗ್ಗೆ ಪಕ್ಕದ ಮನೆಯ ಗೋವಿಂದಮ್ಮ ಹಾಲು ಕೊಡಲು ಬಂದು ತಟ್ಟಿದಾಗ ಬಾಗಿಲು ಹಾಗೇ ತೆರೆದುಕೊಂಡಿತಂತೆ. ಮಲಗುವ ಮುನ್ನ ಅವನು ಚಿಲಕ ತೆಗೆದಿಟ್ಟಿದ್ದ.