ಹಗೇವಿಗೆ ಇಳಿಬಿಟ್ಟ ದೀಪ

ಪಕ್ಕದ ಮನೆ ತಾತನ ಬಲ ಅಂಗೈಯಲ್ಲಿ ಒಂದು ಗೆರೆ ಹೆಚ್ಚಿಗೆ ಇತ್ತು. ಹಗ್ಗ ಉಜ್ಜಿ ಉಜ್ಜಿ ಬಿದ್ದದ್ದು. ಕೈ ನೋಡಿ ಭವಿಷ್ಯ ಹೇಳುವವರು ಕಂಡಿದ್ದರೆ ಕಕ್ಕಾಬಿಕ್ಕಿಯಾಗುತ್ತಿದ್ದರು. ದೇವನಹಳ್ಳಿ ಸುತ್ತಿನಲ್ಲಿ ಯಾರ ಹಗೇವು ತೆಗೆಯಬೇಕಾದರೂ ತಾತನಿಗೇ ಕರೆ. ಆಳು ಮುಳುಗುವಷ್ಟು ನೆಲ ತೋಡಿ, ರಾಗಿ ತುಂಬಿ, ಬಾಯಿಗೆ ಕಲ್ಲು ಮುಚ್ಚಿ ಮಣ್ಣು ಮೆತ್ತಿದ ಗುಂಡಿಯದು. ಕಲ್ಲು ಸರಿಸಿದ ಮೇಲೆ ಹಗ್ಗಕ್ಕೆ ಕಟ್ಟಿದ ದೀಪವೇ ಮೊದಲು ಇಳಿಯಬೇಕು. ದೀಪ ಆರಿದರೆ ಒಳಗಿನ ಗಾಳಿ ಕೆಟ್ಟಿದೆ ಎಂದರ್ಥ. ಅಂದು ಯಾರೂ ಇಳಿಯುವಂತಿಲ್ಲ.

ಹಗೇವಿದ್ದ ನಮ್ಮ ಕಣವನ್ನು ವಿಮಾನ ನಿಲ್ದಾಣದ ರಸ್ತೆಗೆ ಬಿಟ್ಟುಕೊಡಬೇಕಾಗಿ ಬಂದ ವರ್ಷ ನಮ್ಮ ಹಗೇವನ್ನು ಕೊನೆಯ ಸಲ ತೆಗೆದೆವು. ಉಳಿದ ಎರಡೆಕರೆಗೆ ಬಿತ್ತಲು ಆ ರಾಗಿಯನ್ನೇ ನಂಬಿದ್ದೆವು. ಆ ಹಳೆಯ ತಳಿ ಬೇರೆ ಯಾರ ಮನೆಯಲ್ಲೂ ಉಳಿದಿರಲಿಲ್ಲ. ದೀಪ ಎದೆಮಟ್ಟಕ್ಕೆ ಇಳಿಯುತ್ತಲೇ ಆರಿತು. ಆಗಷ್ಟೇ ಬಿ.ಎಸ್ಸಿ. ಸೇರಿದ್ದ ನನಗೆ ತಡೆಯಲಾಗಲಿಲ್ಲ.

"ರಾಗಿಗೆ ಜೀವ ಐತೆ ತಾತ! ಅದು ಉಸಿರಾಡಿರೋದಕ್ಕೇ ದೀಪ ಆರಿದ್ದು!" ಎಂದು ಕೂಗಿಬಿಟ್ಟೆ.

"ಸುಮ್ಕಿರವ್ವಾ" ಎಂದು ತಾತ ರೇಗಿದರು. "ಕಾಳು ಉಸಿರಾಡ್ತೋ ಬೂಷ್ಟು ಉಸಿರಾಡ್ತೋ, ದೀಪಕ್ಕೇನು ಗೊತ್ತು? ವಯಸ್ಸಲ್ಲಿ ನಾನೂ ಹಿಂಗೇ ಕೂಗ್ದೆ. ನನ್ನ ಮಾತು ನಂಬಿ ನಮ್ಮ ಭಾವ ಬಿತ್ತಿದ್ರು. ಒಂದು ಪೈರೂ ಮೇಲೇಳ್ಲಿಲ್ಲ."

ಮಾರನೆಯ ದಿನ ದೀಪ ಆರದೆ ಉರಿದ ಮೇಲೆ ತಾತ ಇಳಿದು ಒಂದು ಹಿಡಿ ರಾಗಿ ತೆಗೆದು ಒದ್ದೆ ಬಟ್ಟೆಯಲ್ಲಿ ಕಟ್ಟಿಟ್ಟರು. ಮೂರು ದಿನ ನಮ್ಮ ಮನೆಯಲ್ಲಿ ಯಾರಿಗೂ ಊಟ ಸೇರಲಿಲ್ಲ. ನಾಲ್ಕನೆಯ ಬೆಳಿಗ್ಗೆ ಗಂಟು ಬಿಚ್ಚಿದರು. ಕಾಳುಗಳ ತುದಿಯಲ್ಲಿ ಬಿಳಿ ಮೊಳಕೆ. ತಾತ ನನ್ನ ಕಡೆ ತಿರುಗಿ, "ಈಗ ಕೂಗು" ಎಂದರು.

ಎಷ್ಟೋ ವರ್ಷಗಳ ಮೇಲೆ, ನಾನು ರಸಾಯನಶಾಸ್ತ್ರ ಪಾಠ ಮಾಡುತ್ತಿದ್ದಾಗ, ಒಂದು ಸುದ್ದಿ ಬಂತು. ಬೇರೊಂದು ನಕ್ಷತ್ರವನ್ನು ಸುತ್ತುವ ಗ್ರಹದ ಗಾಳಿಯಲ್ಲಿ, ನಮ್ಮ ಕಡಲಿನ ಜೀವಿಗಳಿಂದ ಹುಟ್ಟುವಂಥದೇ ಅನಿಲದ ಸುಳಿವು ಇರಬಹುದಂತೆ. ಕೇಳಿದವಳೇ ಹಾಸಿಗೆ ಹಿಡಿದಿದ್ದ ತಾತನ ಬಳಿಗೆ ಓಡಿ ಹೇಳಿದೆ.

"ಅಷ್ಟು ದೂರಕ್ಕೆ ದೀಪ ಹೆಂಗವ್ವಾ ಬಿಟ್ರು?"

"ಅಲ್ಲಿನ ಸೂರ್ಯನೇ ದೀಪ, ತಾತ. ಅದರ ಬೆಳಕು ಆ ಗಾಳಿ ದಾಟಿ ನಮ್ಮ ತನಕ ಬರುತ್ತೆ. ಬೆಳಕು ಎಲ್ಲೆಲ್ಲಿ ಮಂಕಾಗೈತೆ ಅಂತ ನೋಡಿ ಹೇಳ್ತಾರೆ."

ತಾತನ ಕಣ್ಣು ತುಂಬಿಕೊಂಡಿತ್ತು. "ಯಾರ ಹಗೇವೋ ಏನೋ" ಎಂದು ಮಲಗಿದಲ್ಲೇ ಕೈ ಮುಗಿದರು. ಆಮೇಲೆ, "ಮೊಳಕೆ?" ಎಂದು ಕೇಳಿದರು.

"ಇನ್ನೂ ನೋಡೋಕಾಗಿಲ್ಲ."

"ಹಂಗಾದ್ರೆ ಕೂಗ್ಬೇಡ."

ಆ ತಿಂಗಳೇ ತಾತ ಹೋದರು. ಇಂಥ ಸುದ್ದಿ ಬಂದಾಗಲೆಲ್ಲ ಕೂಗು ಗಂಟಲವರೆಗೆ ಬರುತ್ತದೆ, ತಡೆದುಕೊಳ್ಳುತ್ತೇನೆ. ಹಾಗೆ ತಡೆದುಕೊಳ್ಳುವುದನ್ನು ಕಲಿಸಿದವರು ಅವರೇ. ಆದರೆ ಎಂದಾದರೂ ಅಲ್ಲಿನ ಮೊಳಕೆ ಕಣ್ಣಿಗೆ ಬಿದ್ದರೆ, "ಈಗ ಕೂಗು" ಎನ್ನಲು ತಾತ ಇರುವುದಿಲ್ಲ.