ಕೂಡಿಸಿ ಇಡ್ರಿ ಅಂದಿದ್ದಳು

ಆಯಿಗೆ ಸಿಟ್ಟು ಬಂದಿದೆಯೋ ಇಲ್ಲವೋ ಎಂಬುದನ್ನು ಆಕೆಯ ಹಣೆ ನೋಡಿಯೇ ಹೇಳಬಹುದಿತ್ತು. ಬೆಳಿಗ್ಗೆ ಸ್ನಾನವಾದ ಮೇಲೆ ಮೂರು ಬೆರಳಿನಿಂದ ವಿಭೂತಿಯನ್ನು ಎಷ್ಟು ದಪ್ಪಗೆ ಎಳೆದುಕೊಳ್ಳುತ್ತಿದ್ದಳೆಂದರೆ, ಒಣಗಿದ ಮೇಲೆ ಅದು ಗೋಡೆಗೆ ಬಳಿದ ಸುಣ್ಣದಂತೆ ಕೂತುಬಿಡುತ್ತಿತ್ತು. ಹುಬ್ಬು ಮೇಲೇರಿದರೆ ಸಾಕು, ಬಿರುಕು. ಬಿರುಕಿನಿಂದ ಉದುರಿದ ಬೂದಿ ಮೂಗಿನ ಮೇಲೆ, ತುಟಿಯ ಮೇಲೆ. ಮಧ್ಯಾಹ್ನದ ಹೊತ್ತಿಗೆ ಹಣೆ ಬರಿದಾಗಿದ್ದರೆ ಅಂದು ನಾಸಿಕದ ನಮ್ಮ ಸಾಲುಮನೆಗಳ ಚಾಳಿನಲ್ಲಿ ಯಾರಿಗೋ ಸರಿಯಾಗಿ ಬಿದ್ದಿದೆ ಎಂದೇ ಅರ್ಥ.

ಆಯಿ ನನ್ನ ಸ್ವಂತ ಅಜ್ಜಿಯಲ್ಲ, ಪಕ್ಕದ ಖೋಲಿಯವಳು. ಬೀದರ ಕಡೆಯವಳು. ನಾವು ಗುಲಬರ್ಗಾದವರು. ಪರಊರಿನ ಚಾಳಿನಲ್ಲಿ ಕನ್ನಡ ಮಾತಾಡುವ ಎರಡೇ ಮನೆಗಳಿದ್ದರೆ ನಡುವಿನ ಗೋಡೆ ಹೆಸರಿಗಷ್ಟೆ. ಆಕೆಯ ಮಗ ಸರಕಾರಿ ಕಚೇರಿಯಲ್ಲಿ ಕೆಲಸಕ್ಕಿದ್ದ, ನನ್ನ ಅಪ್ಪನೂ ಅಂಥದೇ ಇನ್ನೊಂದು ಕಚೇರಿಯಲ್ಲಿದ್ದ. ಎರಡೂ ಮನೆಯವರು ಲಿಂಗಾಯತರು. ಆದರೆ ಕೊರಳಲ್ಲಿ ಲಿಂಗ ಉಳಿಸಿಕೊಂಡಿದ್ದವರು ಆಯಿ ಮತ್ತು ನನ್ನ ಅವ್ವ, ಇಬ್ಬರೇ. ನಾನು ಕಾಲೇಜು ಸೇರಿದ ವರ್ಷವೇ ಲಿಂಗ ತೆಗೆದಿಟ್ಟಿದ್ದೆ. ದೇವರಿದ್ದಾನೆ ಎನ್ನುವುದಕ್ಕೆ ಪುರಾವೆ ಕೇಳಿದ್ದೆ, ಯಾರೂ ಕೊಡಲಿಲ್ಲ. ಇವತ್ತಿಗೂ ಕೊಟ್ಟಿಲ್ಲ.

ಹೀಗಿದ್ದೂ ನಾನು ಆಯಿಯ ಬಗ್ಗೆ ಬರೆಯಲು ಕೂತಿರುವುದು ಭಕ್ತಿಯಿಂದಲ್ಲ, ಸಿಟ್ಟಿನಿಂದ. ಆಕೆ ಈ ಲೋಕದಿಂದ ಕೇಳಿದ್ದು ಒಂದೇ. ನಮ್ಮಲ್ಲಿ ಸತ್ತವರನ್ನು ಸುಡುವುದಿಲ್ಲ. ಕೂಡಿಸಿ, ಅಂದರೆ ಕುಳ್ಳಿರಿಸಿ, ಕೈಯಲ್ಲಿ ಅವರ ಲಿಂಗವನ್ನಿಟ್ಟು ಮಣ್ಣು ಕೊಡುತ್ತಾರೆ. ಆಯಿ ಅದನ್ನು ಮಗನಿಗೆ, ಸೊಸೆಗೆ, ನನ್ನ ಅವ್ವನಿಗೆ, ಕಡೆಗೆ ಹಾಲಿನವನಿಗೂ ಹೇಳಿಟ್ಟಿದ್ದಳು: "ನನ್ನ ಕೂಡಿಸಿ ಇಡ್ರಿ. ಸುಡಬ್ಯಾಡ್ರಿ. ಗೋದಾವರ್ಯಾಗ ಬಿಡಬ್ಯಾಡ್ರಿ. ಜೀವನಪೂರ್ತಿ ನಿಂತೇ ನಿಂತೀನಿ, ಅಲ್ಲಿ ಆದ್ರೂ ಕೂಡ್ತೀನಿ." ಅದೊಂದು ನಡೆಯಲಿಲ್ಲ. ಯಾಕೆ ನಡೆಯಲಿಲ್ಲ ಎಂದು ಹೇಳಬೇಕಾದರೆ ಆಕೆ ಎಲ್ಲೆಲ್ಲಿ ನಿಂತಿದ್ದಳು ಎಂದು ಮೊದಲು ಹೇಳಬೇಕು.

ಆಯಿಗೆ ಒಂದು ಚಟವಿತ್ತು. ಯಾವ ಧರ್ಮದ್ದೇ ಇರಲಿ, ಪ್ರಾರ್ಥನೆಯ ಜಾಗ ಕಂಡರೆ ಒಳಗೆ ಹೋಗಿ ನೋಡಲೇಬೇಕು. ದೇವರನ್ನಲ್ಲ. ತನ್ನನ್ನು ಎಲ್ಲಿ ಕೂಡಿಸುತ್ತಾರೆ ಎಂದು. ಮನೆಗೆ ಬಂದು ತೀರ್ಪು ಕೊಡುತ್ತಿದ್ದಳು. ಇಗರ್ಜಿಯ ಬಗ್ಗೆ: "ಬೆಂಚು ಚಲೋ ಅದಾವ. ಆದ್ರ ಮುಂದಿನ ಬೆಂಚು ಸಾಹೇಬರದು, ಯಾರೂ ಬಾಯಿಬಿಟ್ಟು ಹೇಳಂಗಿಲ್ಲ, ನೋಟದಾಗೇ ಎಬ್ಬಸ್ತಾರ." ಒಂದು ಜೈನ ಮಂದಿರದ ಬಗ್ಗೆ: "ನೆಲ ಎಷ್ಟು ಸ್ವಚ್ಛ ಅದಂದ್ರ ನನ್ನ ಕಾಲಿನ ಮ್ಯಾಲ ನನಗೇ ನಾಚಿಕಿ ಬಂತು. ಅವರಿಗೆ ಅದೇ ಬೇಕಾಗಿತ್ತು ಕಾಣ್ತದ." ಬೌದ್ಧರಾದವರ ಕೇರಿಯಲ್ಲಿ ತಗಡಿನ ವಿಹಾರವೊಂದಿತ್ತು. ಅಲ್ಲಿಂದ ಬಂದಾಗ ಮಾತ್ರ ತುಸು ಮೆತ್ತಗಾಗಿದ್ದಳು. "ದೇವರಿಲ್ಲ ಅಂತಾರವ್ವಾ ಅಲ್ಲಿ. ಆದ್ರೂ ಚಾಪಿ ಎಲ್ಲಾರಿಗೂ ಒಂದೇ. ನೀ ಹೋಗು, ನಿನಗ ಸೇರ್ತದ."

"ಆಯಿ, ನಿಮ್ಮ ಕೊರಳಾಗೇ ದೇವರಿದ್ದಾನ. ಮತ್ತ ಊರ ಮಂದಿ ಬಾಗಿಲಾ ಯಾಕ ತಟ್ಟತೀರಿ?" ಎಂದು ನಾನು ಕೇಳುತ್ತಿದ್ದೆ.

"ದೇವರ ಸಲುವಾಗಿ ಯಾರು ಹೋಗ್ತಾರ? ಮಂದಿ ಹ್ಯಾಂಗ ಇದ್ದಾರ ನೋಡ್ಲಿಕ್ಕೆ ಹೋಗ್ತೀನಿ. ಮನ್ಯಾಗ ಎಲ್ಲಾರೂ ಚಲೋನೇ ಇರ್ತಾರ. ಗುಡ್ಯಾಗ ಹೋದ ಮ್ಯಾಲೆ ಖರೇ ಗುಣ ಹೊರಗ ಬರ್ತದ."

ಹೊಳೆಯ ದಂಡೆಯ ಒಂದು ಗುಡಿಯಲ್ಲಿ ನಡೆದದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಒಳಗೆ ಈಶ್ವರಲಿಂಗ. ಹೆಂಗಸರು ಹೊಸ್ತಿಲಾಚೆ. ವಿಧವೆಯರು ಇನ್ನೂ ಆಚೆ, ಚಪ್ಪಲಿ ಬಿಡುವ ಕಡೆ. ಆಯಿ ಹೋಗಿ ನಡುಮಂಟಪದಲ್ಲಿ ಚಕ್ಕಳ ಬಕ್ಕಳ ಹಾಕಿ ಕೂತಳು. ಕೊರಳ ವಸ್ತ್ರದ ಗಂಟು ಬಿಚ್ಚಿ, ತನ್ನ ಲಿಂಗವನ್ನು ಎಡಗೈಯಲ್ಲಿಟ್ಟುಕೊಂಡು ನೀರು ಹನಿಸತೊಡಗಿದಳು. ಪೂಜಾರಿ ಓಡಿಬಂದು ಮರಾಠಿಯಲ್ಲಿ ಗದರಿದ: "ಏ ಆಜಿಬಾಯಿ, ಏಳು. ಬೇರೆ ದೇವರ ಪೂಜೆ ಇಲ್ಲಿ ನಡೆಯೋದಿಲ್ಲ."

ಆಯಿಯ ಮರಾಠಿ ಕನ್ನಡದ ಸೀರೆಯುಟ್ಟ ಮರಾಠಿ. ಆದರೆ ಅಂದು ಒಂದಕ್ಷರವೂ ತಪ್ಪಲಿಲ್ಲ. "ಬೇರೆ ದೇವರಾ? ಒಳಗೆ ಕೂತವನೂ ಶಿವ, ಇಲ್ಲಿ ಕೂತವನೂ ಶಿವ. ಅವನನ್ನು ಮುಟ್ಟಲು ನೀನು ನನ್ನನ್ನು ಬಿಡೋದಿಲ್ಲ. ಇವನನ್ನು ಮುಟ್ಟಲು ನಾನು ನಿನ್ನನ್ನು ಬಿಡೋದಿಲ್ಲ. ಇಬ್ಬರೂ ಸಮ. ನಡಿ, ನಿನ್ನ ಕೆಲಸ ನೋಡು."

ಪೂಜಾರಿ ಒಳಗೆ ಹೋಗಿ ಗಂಟೆ ಬಾರಿಸತೊಡಗಿದ. ನಾನು ಅಷ್ಟು ಹೊತ್ತಿಗಾಗಲೇ ನಾಲ್ಕೈದು ಕಾಲೇಜುಗಳ ಚರ್ಚಾಸ್ಪರ್ಧೆಯ ವೇದಿಕೆ ಹತ್ತಿಳಿದವಳು. ಎದುರಾಳಿಯ ನಿಯಮವನ್ನೇ ಎತ್ತಿ ಎದುರಾಳಿಗೆ ಹೊಡೆಯುವುದು ಹೇಗೆಂದು ನನಗೆ ಅಷ್ಟು ಚೊಕ್ಕವಾಗಿ ಯಾವ ಪ್ರಾಧ್ಯಾಪಕರೂ ತೋರಿಸಿರಲಿಲ್ಲ. ಆಯಿ ಪೂಜೆ ಮುಗಿಸಿಯೇ ಎದ್ದಳು. ಹೊರಬಂದು ಚಪ್ಪಲಿ ಮೆಟ್ಟಿದವಳೇ ನನಗೂ ಕಾಯದೆ ಬಿರಬಿರನೆ ನಡೆದುಬಿಟ್ಟಳು. ಗೆದ್ದವಳು ಯಾಕೆ ಹೀಗೆ ಓಡಬೇಕು ಎಂದು ನನಗೆ ಆಗ ತಿಳಿಯಲಿಲ್ಲ. ನನಗೆ ವಾದವೆಂದರೆ ಆಟ, ಆಯಿಗೆ ಅದು ಅವಮಾನ ನುಂಗುವ ದಾರಿ.

ಔರಂಗಾಬಾದಿನಲ್ಲಿ ಅಂತರ ಕಾಲೇಜು ಚರ್ಚಾಸ್ಪರ್ಧೆಯಿತ್ತು. ಹುಡುಗಿಯೊಬ್ಬಳನ್ನೇ ಕಳಿಸುವುದು ಹೇಗೆಂದು ಅಪ್ಪ ತಲೆ ಕೆರೆದುಕೊಂಡಾಗ ಆಯಿ ಸೆರಗು ಸಿಕ್ಕಿಸಿ ಎದ್ದಳು. "ನನ್ನ ತಂಗಿ ಅಲ್ಲೇ ಇದ್ದಾಳ. ನಾ ಹೋಗ್ತೀನಿ. ಯಾಂವ ಏನಂತಾನ ನೋಡ್ತೀನಿ." ಎಸ್‌ಟಿ ಬಸ್ಸಿನಲ್ಲಿ ದಾರಿಯುದ್ದಕ್ಕೂ ರೊಟ್ಟಿ, ಶೇಂಗಾ ಚಟ್ನಿ, ಕಂಡಕ್ಟರನ ಜೊತೆ ಜಗಳ. ಸ್ಪರ್ಧೆಯ ವಿಷಯ: ಪ್ರಾರ್ಥನಾ ಮಂದಿರಗಳಿಂದ ಸಮಾಜಕ್ಕೆ ಲಾಭಕ್ಕಿಂತ ಹಾನಿಯೇ ಹೆಚ್ಚು. ನಾನು ಪರವಾಗಿ ಮಾತಾಡಿದೆ. ಗುಡಿ, ಮಸೀದಿ, ಇಗರ್ಜಿ ಯಾವುದನ್ನೂ ಬಿಡಲಿಲ್ಲ. ಎಲ್ಲಕ್ಕೂ ಬೀಗ ಜಡಿದು ಶಾಲೆ ಮಾಡಿ ಎಂದೆ. ಮೊದಲ ಬಹುಮಾನ ಬಂತು. ಮುಂದಿನ ಸಾಲಿನಲ್ಲಿ ಕೂತ ಆಯಿ ಚಪ್ಪಾಳೆ ತಟ್ಟಲಿಲ್ಲ.

"ಯಾಕ್ರಿ ಆಯಿ, ಸೇರಲಿಲ್ಲೇನು?"

"ಚಂದ ಮಾತಾಡ್ದಿ. ಆದ್ರ ನೀ ಗುಡಿ ಬ್ಯಾಡ ಅಂತಿ, ಯಾಕಂದ್ರ ನಿನಗ ಅದು ಬೇಕಾಗೇ ಇಲ್ಲ. ಹಸಿವಿಲ್ಲದಾಕಿ ಅಡಗಿ ಬಂದ್ ಮಾಡ್ರಿ ಅಂದಂಗಾತು. ನನ್ನ ಹೊರಗ ನಿಂದರಿಸ್ಯಾರ, ನನಗ ಒಳಗ ಕೂಡಬೇಕಾಗ್ಯಾದ. ನೀ ಗುಡೀನೇ ಕೆಡವಿದ್ರ ನಾ ಎಲ್ಲಿ ಹೋಗಿ ಜಗಳಾ ತಗೀಲಿ?"

ನಕ್ಕು ಮಾತು ಬದಲಿಸಿದೆ.

ಮರುದಿನ ಹಳೆಯ ನೀರಿನ ಗಿರಣಿಯ ಪಕ್ಕದ ದರ್ಗಾಕ್ಕೆ ಹೋದೆವು. ಕೊಳದ ಬದಿಯ ಕಟ್ಟೆಯ ಮೇಲೆ ಆಯಿ ಕಾಲು ಚಾಚಿ ಕೂತಳು, ಲಿಂಗ ತೆಗೆದಳು, ಪೂಜೆ ಮಾಡಿದಳು. ಅಲ್ಲಿದ್ದ ಮುದುಕನೊಬ್ಬ ಸುಮ್ಮನೆ ನೋಡಿದ, ಸ್ವಲ್ಪ ಸರಿದು ಕೂತ, ಅಷ್ಟೆ. ನನಗೆ ಗೊತ್ತಿದ್ದ ಒಂದು ಸಂಗತಿ ತಡೆಯಲಾಗದೆ ಬಾಯಿಗೆ ಬಂತು. ಆಯಿಯ ಗಂಡ ನಿಜಾಮನ ಪರ ದಂಡು ಕಟ್ಟಿದ್ದ ರಜಾಕಾರರ ಹಾವಳಿಯಲ್ಲಿ ಸತ್ತವನು. ಎಳೆಗೂಸಾಗಿದ್ದ ಮಗನನ್ನು ಎತ್ತಿಕೊಂಡು ಆಕೆ ಬೀದರ ಬಿಟ್ಟು ಓಡಿಬಂದವಳು.

"ಆಯಿ, ನಿಮಗ ಇಲ್ಲಿ ಕೂಡ್ಲಿಕ್ಕೆ ಸಿಟ್ಟು ಬರಂಗಿಲ್ಲೇನು?"

ಹಣೆಯ ವಿಭೂತಿ ಬಿರಿಯಿತು. "ರಜಾಕಾರರ ಸಿಟ್ಟು ರಜಾಕಾರರ ಮ್ಯಾಲ ಅದ. ಸಾಯೂತನಾ ಇರ್ತದ. ಕಟ್ಟಿ ಮ್ಯಾಲ ಯಾಕ ಇರಬೇಕು? ಕಟ್ಟಿ ಏನ್ ಮಾಡ್ಯಾದ ನನಗ?" ಆಮೇಲೆ ಒಳಗಿನ ಬಾಗಿಲ ಕಡೆ ಗದ್ದ ಎತ್ತಿದಳು. "ಇಲ್ಲಿ ಭೀ ನೋಡು, ಹೆಣ್ಮಕ್ಕಳು ಹೊರಗೇ. ಅದರ ಸಿಟ್ಟು ಬ್ಯಾರೆ ಅದ. ಅದು ಎಲ್ಲಾ ಗುಡಿಗೂ ಸೇರಿ ಒಂದೇ."

ಸಿಟ್ಟನ್ನು ಇಷ್ಟು ಲಕ್ಷ್ಯವಿಟ್ಟು ಬಳಸುವವರನ್ನು ನಾನು ಆಮೇಲೆ ನೋಡಿಲ್ಲ. ಯಾರ ಪಾಲಿನದು ಯಾರಿಗೂ ಬದಲಾಗದಂತೆ ಹಂಚುತ್ತಿದ್ದಳು.

ಮಗ ಹಾಗಿರಲಿಲ್ಲ. ದರ್ಗಾದ ಸುದ್ದಿ ಆಯಿಯ ತಂಗಿಯ ಮನೆಯಿಂದ ಅವನಿಗೆ ತಲುಪಿತು. "ಅಪ್ಪನ್ನ ಕೊಂದವರ ಮನ್ಯಾಗ ಕೂತು ಪೂಜಾ ಮಾಡ್ತಿ?" ಎಂದು ಚಾಳಿಗೆಲ್ಲ ಕೇಳುವಂತೆ ಕೂಗಾಡಿದ. ಅಪ್ಪನ ಮುಖ ಕಂಡು ನೆನಪಿಲ್ಲದವನು ಅವನು. ಅವನ ನೋವನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ನೋವನ್ನು ಮುಂದಿಟ್ಟುಕೊಂಡು ಅವನು ಮಾಡಿದ್ದನ್ನು ಮನ್ನಿಸುವುದೂ ಇಲ್ಲ.

ಆಯಿ ಜ್ವರದಲ್ಲಿ ಮಲಗಿ, ಒಂದು ವಾರವೂ ಕಳೆಯದೆ ಹೋಗಿಬಿಟ್ಟಳು. ಊರಿನ ಲಿಂಗಾಯತ ವಾಣಿಗಳು, ಅಂದರೆ ನಮ್ಮದೇ ಜನ, ತಲೆಮಾರುಗಳಿಂದ ಮರಾಠಿಯಾದ ವ್ಯಾಪಾರಿಗಳು, ಸುದ್ದಿ ತಿಳಿದು ಬಂದರು. ಅವರದೊಂದು ರುದ್ರಭೂಮಿ ಇತ್ತು. ಹಿರಿಯರೊಬ್ಬರು, "ಜಾಗ ಇದೆ, ಅಗೆಯಲು ಹುಡುಗರಿಗೆ ಹೇಳಿದ್ದೇನೆ, ಜಂಗಮರೂ ಬರುತ್ತಾರೆ" ಎಂದರು. ಇದನ್ನು ಒತ್ತಿ ಹೇಳುತ್ತಿದ್ದೇನೆ, ಏಕೆಂದರೆ ಆಮೇಲೆ ಎಲ್ಲರೂ "ಪರಊರು, ಏನು ಮಾಡೋದು, ಜಾಗ ಬೇಕಲ್ಲ" ಎಂದು ರಾಗ ಎಳೆದರು. ಸುಳ್ಳು. ಜಾಗವಿತ್ತು, ಜನವೂ ಇತ್ತು.

ಮಗ ಒಪ್ಪಲಿಲ್ಲ. "ಗೋದಾವರಿ ದಂಡ್ಯಾಗೇ ಇದ್ದೀವಿ. ರಾಮಕುಂಡದಾಗ ಬೂದಿ ಬಿಡ್ಲಿಕ್ಕೆ ಮಂದಿ ಎಲ್ಲೆಲ್ಲಿಂದ ಬರ್ತಾರ. ನಾ ಇಲ್ಲೇ ಇದ್ದು ಮಣ್ಣಾಗ ಹಾಕ್ಲೇನು?"

ನಾನು ಅವರ ಬಾಗಿಲಲ್ಲಿ ಅಡ್ಡ ನಿಂತೆ. "ಕಾಕಾ, ಆಯಿ ಬಾಯಿಬಿಟ್ಟು ಹೇಳ್ಯಾರ. ನಿಮಗೂ ಹೇಳ್ಯಾರ."

"ನೀ ಸಣ್ಣಾಕಿ ಇದ್ದಿ, ನಿನಗ ತಿಳಿಯಂಗಿಲ್ಲ."

"ಹಂಗಾದ್ರ ತಿಳಿಸಿ ಹೇಳ್ರಿ."

ಅವನು ಹತ್ತಿರ ಬಂದು ದನಿ ತಗ್ಗಿಸಿದ. "ನಮ್ಮ ಕಚೇರ್ಯಾಗ ಒಮ್ಮೆ ಮಾತು ಬಂದಿತ್ತು. ನಿಮ್ಮಲ್ಲಿ ಹೂಳ್ತಾರಂತಲ್ಲ, ನೀವೇನು ಮುಸಲ್ಮಾನರಾ ಅಂತ ಕೇಳಿದ್ರು. ಎಲ್ಲಾರೂ ನಕ್ರು. ಈಗ ಅವರೆಲ್ಲಾ ಬರ್ತಾರ. ಸಾಹೇಬರೂ ಬರ್ತಾರ. ಅವರ ಮುಂದ ನಾ ತೆಗ್ಗು ತಗಸ್ಲಿ?"

ಇದು. ಇಷ್ಟೇ. ಪುಣ್ಯವಲ್ಲ, ಗೋದಾವರಿಯಲ್ಲ, ಅಪ್ಪನ ನೆನಪೂ ಅಲ್ಲ. ಕಚೇರಿಯ ಚಹಾದ ಹೊತ್ತಿನ ಒಂದು ನಗೆಗೆ ಹೆದರಿ ಅವನು ತಾಯಿಯ ಮಾತನ್ನು ಮಾರಿಕೊಂಡ.

ನಾನು ಕೂಗಾಡಿದೆ. ಆಗ ಅವನು ಎಲ್ಲರೆದುರು ನನ್ನನ್ನು ಕಟ್ಟಿಹಾಕಿದ. "ನಿನ್ನ ಕೊರಳಾಗ ಲಿಂಗ ಅದ ಏನು? ತೋರಸು. ಇಲ್ಲ! ದೇವರೇ ಇಲ್ಲ ಅಂತ ಊರೂರು ಭಾಷಣ ಮಾಡ್ತಿ. ನಿನಗ ಮಣ್ಣಾದ್ರೇನು, ಬೆಂಕಿ ಆದ್ರೇನು? ನಂಬಿದವರು ನಾವು, ಮಾಡವರು ನಾವು. ಸರಿ ಆ ಕಡಿ."

ಒಳ್ಳೆಯ ಏಟು. ವೇದಿಕೆಯ ಮೇಲಾಗಿದ್ದರೆ ನಾನೇ ಅಂಕ ಕೊಡುತ್ತಿದ್ದೆ. ಉತ್ತರಕ್ಕೆ ಬಾಯಿ ತೆರೆಯುವಷ್ಟರಲ್ಲಿ ನನ್ನನ್ನು ಹಿಂದಿನಿಂದ ಯಾರೋ ಎಳೆದರು, ಆಯಿಯನ್ನು ಹೊರಗೆ ತಂದರು, ಮಲಗಿಸಿಯೇ ತಂದರು. ಹೆಂಗಸರು ಸುಡುವ ದಂಡೆಗೆ ಹೋಗುವಂತಿಲ್ಲವೆಂದು ನಮ್ಮನ್ನು ಚಾಳಿನ ಮೆಟ್ಟಿಲಲ್ಲೇ ನಿಲ್ಲಿಸಿದರು. ಆಕೆಯ ಲಿಂಗವನ್ನು ಮೊದಲೇ ಬಿಚ್ಚಿ, ನೆನಪಿಗಿರಲಿ ಎಂದು, ದೇವರ ಪಟಗಳ ನಡುವೆ ಇಟ್ಟುಕೊಂಡಿದ್ದರು.

ಹದಿಮೂರನೆಯ ದಿನ ಊಟ ಹಾಕಿಸಿದರು. ಅದೂ ನಮ್ಮ ಪದ್ಧತಿಯಲ್ಲ. ಕಚೇರಿಯವರು ಬಂದಿದ್ದರು. ಮಗ ತುಂಬ ಮೆದುವಾಗಿ ನನ್ನ ಬಳಿ ಬಂದ. "ನೀ ಚಲೋ ಮಾತಾಡ್ತಿ. ಆಯಿ ಬಗ್ಗೆ ನಾಲ್ಕು ಮಾತು ಹೇಳವ್ವಾ, ಮರಾಠ್ಯಾಗೇ ಹೇಳು, ಎಲ್ಲಾರಿಗೂ ತಿಳೀಲಿ."

ಹೇಳಿದೆ. ಹದಿಮೂರು ದಿನ ನುಂಗಿಕೊಂಡಿದ್ದ ಉತ್ತರ ಅದು.

"ನನಗೆ ಮಣ್ಣೂ ಒಂದೇ, ಬೆಂಕಿಯೂ ಒಂದೇ. ಒಪ್ಪಿದೆ. ಆದರೆ ಆಕೆಗೆ ಒಂದಾಗಿರಲಿಲ್ಲ. ಯಾವ ಗುಡಿಯೂ ಆಕೆಯನ್ನು ನೆಟ್ಟಗೆ ಕೂಡಿಸಲಿಲ್ಲ. ಯಾರ ಅಪ್ಪಣೆಯೂ ಬೇಡದ ಒಂದೇ ಒಂದು ಗುಡಿ ಆಕೆಯ ಕೈಯಲ್ಲಿತ್ತು. ಅದನ್ನೂ ಬಿಡಿಸಿಕೊಂಡಿರಿ. ನಂಬುವವರು ತಪ್ಪು ಮಾಡಿದರೆ ದೇವರ ಹತ್ತಿರ ಕ್ಷಮೆ ಕೇಳಿ ಹಗುರಾಗಬಹುದು. ನನ್ನಂಥವಳಿಗೆ ಆ ಬಾಗಿಲಿಲ್ಲ. ನನಗಿರುವುದು ಮನುಷ್ಯರು ಬದುಕಿದ್ದಾಗ ಆಡಿದ ಮಾತು ಮಾತ್ರ. ಅದಕ್ಕೇ ಸತ್ತವರ ಮಾತು ಮುರಿಯಲು ನನಗೆ ನಿಮಗಿಂತ ಹೆಚ್ಚು ಭಯ."

ಕಚೇರಿಯವರು ಚಪ್ಪಾಳೆ ತಟ್ಟಿದರು. ಹೌದು, ಚಪ್ಪಾಳೆ. ಸಾಹೇಬರು ತಲೆದೂಗಿ, "ವಾಹ್, ಈ ಹುಡುಗಿಯನ್ನು ವಕೀಲಿ ಓದಿಸಿ" ಎಂದು ನನ್ನ ಅಪ್ಪನಿಗೆ ಹೇಳಿದರು. ಆಯಿಯ ಮಗನೂ ತಟ್ಟಿದ. ಅವನ ಕಣ್ಣಲ್ಲಿ ನೀರೂ ಇತ್ತು. ಆ ನೀರು ಕಂಡು ನನ್ನ ಸಿಟ್ಟು ಇಳಿಯಲಿಲ್ಲ, ಏರಿತು. ಎರಡನೆಯ ಪಂಕ್ತಿಗೆ ಎಲೆ ಹಾಕಿದರು.

ಅಲ್ಲಿಂದ ಎದ್ದು ಮನೆಗೆ ಬಂದವಳೇ ಅಪ್ಪ, ಅವ್ವ ಇಬ್ಬರನ್ನೂ ಎದುರಿಗೆ ಕೂಡಿಸಿ ಕೇಳಿದೆ: "ಸತ್ತ ಮ್ಯಾಲೆ ನಿಮಗ ಏನು ಮಾಡಬೇಕು, ಈಗೇ ಹೇಳ್ರಿ." ಅಪ್ಪ ಕೆಮ್ಮಿ, ಪತ್ರಿಕೆ ಮಡಚಿ, "ಏನ್ ಬೇಕಾದ್ದು ಮಾಡು, ಸುಟ್ಟುಬಿಡು, ಜಂಜಾಟ ಇರಂಗಿಲ್ಲ" ಎಂದ. ಅವ್ವ ಕೊರಳ ಲಿಂಗದ ಗಂಟನ್ನು ಬಿಚ್ಚಿ ಮತ್ತೆ ಕಟ್ಟಿಕೊಂಡಳು. ತನ್ನನ್ನು ಯಾರಾದರೂ ಹೀಗೆ ಕೇಳಿದ್ದು ಅದೇ ಮೊದಲೋ ಏನೋ. ಆಮೇಲೆ, ಅಪ್ಪನ ಮುಖ ನೋಡದೆ, "ನನ್ನ ಕೂಡ್ಸು" ಎಂದಳು.

ನಾನು ಇಂದಿಗೂ ಯಾವ ದೇವರನ್ನೂ ನಂಬಿಲ್ಲ. ಇಬ್ಬರ ಮಾತನ್ನೂ ನಡೆಸುತ್ತೇನೆ. ಅವ್ವನ ವಿಷಯದಲ್ಲಿ ಯಾರಾದರೂ ಬಾಗಿಲಿಗೆ ಅಡ್ಡ ಬಂದರೆ ಅವರ ಜೊತೆ ವಾದಿಸುವುದಿಲ್ಲ. ಗುದ್ದಲಿ ನಾನೇ ಹಿಡಿಯುತ್ತೇನೆ.