ಬೂಟಿನೊಳಗಿನ ಕಾಲು

ನನ್ನ ಗಂಡನ ಎಡಗಾಲಿನ ಎರಡು ಬೆರಳು ಹೋದದ್ದು ಯಾಕೆಂದರೆ, ಮೂರು ಸಲ ದವಾಖಾನೆಗೆ ಹೋದರೂ ಆ ಕಾಲನ್ನು ಅಲ್ಲಿ ಒಬ್ಬರೂ ನೋಡಲಿಲ್ಲ. ನಡೆದದ್ದು ಇಷ್ಟೇ. ಸಕ್ಕರೆ ಕಾಯಿಲೆ ಇತ್ತು, ಹೌದು. ಹಣೆಬರಹ ಅಂದವರೂ ಇದ್ದರು. ಹಾಗೆ ಅಂದವರ ಕಾಲುಗಳೆಲ್ಲ ನೆಟ್ಟಗಿದ್ದವು.

ಅವರು ಪಲ್ಟನ್ನಿನಲ್ಲಿ ಹವಾಲ್ದಾರರಾಗಿದ್ದು, ಪೆನ್ಶನ್ ಆದ ಮೇಲೆ ಖಾನಾಪುರಕ್ಕೆ ಬಂದು ಕೂತವರು. ಎಂಬತ್ತನೇ ಇಸವಿಯ ಆಚೀಚೆ ಇರಬೇಕು, ಹಿತ್ತಲಿಗೆ ಬೇಲಿ ಕಟ್ಟುವಾಗ ಎಡಗಾಲಿನ ಹೆಬ್ಬೆರಳಿನ ಬುಡದಲ್ಲಿ ಮುಳ್ಳು ಮುರಿಯಿತು. ಮುಳ್ಳು ನಾನೇ ತೆಗೆದೆ. ಗಾಯ ಮಾಯಲಿಲ್ಲ. ಊರಿನ ಡಾಕ್ಟರರ ಕಡೆ ಹೋಗೋಣ ಅಂದರೆ ಕೇಳಲಿಲ್ಲ. ಮಾಜಿ ಸಿಪಾಯಿಗಳಿಗೆಂದು ಸರಕಾರದವರು ಬೆಳಗಾವಿಯ ಹಿಂದವಾಡಿಯಲ್ಲಿ ಒಂದು ಬಾಡಿಗೆ ಮನೆ ಹಿಡಿದು ದವಾಖಾನೆ ಇಟ್ಟಿದ್ದರು. "ನಮಗ ನಮ್ಮದ ದವಾಖಾನಿ ಐತಿ" ಎಂದು ಇವರು ಎದೆ ಉಬ್ಬಿಸಿ ಹೇಳುತ್ತಿದ್ದರು, ತಾವೇ ನಿಂತು ಕಟ್ಟಿಸಿದವರ ಹಾಗೆ.

ದವಾಖಾನೆ ಅಂದರೆ ಎರಡು ಕೋಣೆ, ನಡುವೆ ಒಂದು ಮಾಸಿದ ಪರದೆ. ಪರದೆಯಾಚೆ ಡಾಕ್ಟರ ಸಾಹೇಬರು, ಈಚೆ ಕೂತು ಕಾಯಲು ಒಂದು ಮರದ ಬಾಕು ಮತ್ತು ಕಂಪೌಂಡರ. ಔಷಧಕ್ಕೆ ಬಾಟಲಿ ಮನೆಯಿಂದಲೇ ಒಯ್ಯಬೇಕು. ಕೆಮ್ಮುವವನಿಗೂ ಅದೇ ಕೆಂಪು ನೀರು, ಹೊಟ್ಟೆ ಹಿಡಿದುಕೊಂಡು ಕೂತ ಸಿಪಾಯಿಯ ವಿಧವೆಗೂ ಅದೇ ಕೆಂಪು ನೀರು. ನಾನು ಕೇಳಿಯೇಬಿಟ್ಟೆ.

"ಎಲ್ಲಾರಿಗೂ ಒಂದ ಔಷಧ ಏನ್ರೀ?"

"ಬಾಟ್ಲಿ ಬ್ಯಾರೆ ಬ್ಯಾರೆ ಅದಾವಲ್ಲ ಮಾವಶಿ," ಎಂದ ಕಂಪೌಂಡರ.

ಬಾಕಿನ ಮೇಲಿದ್ದವರೆಲ್ಲ ನಕ್ಕರು. ನಾನೂ ನಕ್ಕೆ. ಸಾಲಿನಲ್ಲಿ ಕಾಯದೆ ಅಲ್ಲಿ ಸಿಗುತ್ತಿದ್ದದ್ದು ಅದೊಂದೇ.

ತಪ್ಪೆಲ್ಲ ದವಾಖಾನೆಯದೇ ಅಂತ ಹೇಳುವವಳಲ್ಲ ನಾನು. ನಮ್ಮವರಿಗೆ ಸಾಹೇಬರ ಮುಂದೆ ಹೋಗುವುದೆಂದರೆ ಪರೇಡಿಗೆ ಹೋದಂತೆ. ಹಿಂದಿನ ದಿನವೇ ಬೂಟಿಗೆ ಪಾಲಿಶ್ ತಿಕ್ಕಿ ಇಡುವರು. ಬೆಳಿಗ್ಗೆ ಆ ಬಾತ ಕಾಲನ್ನು ಕಾಲುಚೀಲದಲ್ಲಿ ತುರುಕಿ, ಬೂಟಿನ ಲೇಸು ಬಿಗಿಯುವಾಗ ಹಲ್ಲು ಕಚ್ಚುವರು.

"ಚಪ್ಪಲ್ ಹಾಕ್ಕೋರಿ," ಅಂದೆ.

"ಸಾಹೇಬ್ರ ಮುಂದ ಚಪ್ಪಲ್ ಮ್ಯಾಲ ನಿಂದರಾಕ ನಾ ಏನ ಕಾಯಿಪಲ್ಲೆ ಮಾರಾಂವನ?"

ಜೊತೆಗೆ ಬಂದ ಹೆಂಗಸರಿಗೆ ಪರದೆಯೊಳಗೆ ಪ್ರವೇಶವಿಲ್ಲ. ಬಾಕಿನ ಮೇಲೆ ಕೂತೇ ಎಲ್ಲ ಕೇಳಿಸುತ್ತಿತ್ತು. ಮೊದಲು ಹಿಮ್ಮಡಿ ಜೋಡಿಸಿದ ಟಕ್ ಎಂಬ ಸದ್ದು. ಆಮೇಲೆ ಸಾಹೇಬರ ದನಿ: "ಕೈಸಾ ಹೈ, ಹವಾಲ್ದಾರ್?" ತಕ್ಷಣ ಇವರದು, ಗೋಡೆ ಅದುರುವಂತೆ: "ಸಬ್ ಠೀಕ್, ಸಾಬ್!" ಇಪ್ಪತ್ತು ವರ್ಷ ದಂಡಿನಲ್ಲಿ ಸಾಹೇಬರ ಆ ಪ್ರಶ್ನೆಗೆ ಬೇರೆ ಉತ್ತರ ಕೊಟ್ಟು ಗೊತ್ತಿಲ್ಲ. ಆ ಡಾಕ್ಟರೂ ಅಷ್ಟೇ, ಸಿಪಾಯಿ ಹೇಳಿದ್ದನ್ನು ಕಾರ್ಡಿನಲ್ಲಿ ಬರೆದು ಕೈಗೆ ಕೊಟ್ಟುಬಿಡುವುದು. ಕುಂಟುತ್ತ ಒಳಗೆ ಬಂದವನಿಗೆ ಬೂಟು ಬಿಚ್ಚು ಅನ್ನಲು ಎಷ್ಟು ಓದಬೇಕು? ನಮ್ಮೂರಿಗೆ ಬರುವ ದನದ ಡಾಕ್ಟರರು ಎತ್ತು ಕುಂಟಿದರೆ ಗೊರಸು ಎತ್ತಿ ನೋಡುತ್ತಿದ್ದರು. ಎತ್ತಿಗೆ 'ಸಬ್ ಠೀಕ್' ಅನ್ನಲು ಬರುವುದಿಲ್ಲ, ಅದು ಅದರ ಪುಣ್ಯ.

ಮೂರನೆಯ ಸಲ ಹೋಗಿ ಬರುವಾಗ ಬಸ್ಸಿನಲ್ಲಿ ಪಕ್ಕದವನು ಮೂಗಿಗೆ ಟವೆಲ್ ಹಿಡಿದು, ಎದ್ದು ಹಿಂದೆ ಹೋಗಿ ನಿಂತ. ಮನೆಗೆ ಬಂದವಳೇ ಇವರನ್ನು ಕಟ್ಟೆಯ ಮೇಲೆ ಕೂರಿಸಿ ಬೂಟು ಎಳೆದೆ. ಕಾಲುಚೀಲ ಚರ್ಮಕ್ಕೆ ಅಂಟಿತ್ತು. ಬೆಚ್ಚಗಿನ ನೀರು ಹಾಕಿ ಬಿಡಿಸಿದೆ. ಹೆಬ್ಬೆರಳು, ಅದರ ಮಗ್ಗುಲಿನದು, ಎರಡೂ ಸುಟ್ಟ ಬದನೆಕಾಯಿಯ ಸಿಪ್ಪೆಯಂತೆ ಕಪ್ಪಗಿದ್ದವು. ಒತ್ತಿ ನೋಡಿದೆ.

"ನೋವಾಗತೈತೇನ್ರೀ?"

"ಇಲ್ಲ. ಆರಾಮ ಐತಿ ಈಗ."

ಹಲ್ಲು ಕಚ್ಚುತ್ತಿದ್ದ ಮನುಷ್ಯ ಆರಾಮ ಅಂದಾಗಲೇ ಆ ಬೆರಳುಗಳು ಸತ್ತಿವೆ ಅಂತ ನನಗೆ ತಿಳಿದದ್ದು. ನಾನು ಓದಿದ್ದು ಮೂರನೇ ಇಯತ್ತೆ, ಇಂಗ್ಲಿಷ್ ಬರುವುದಿಲ್ಲ. ಹೈಸ್ಕೂಲಿಗೆ ಹೋಗುವ ಮಗಳ ಕೈಗೆ ಕಾರ್ಡು ಕೊಟ್ಟೆ.

"ಮೂರೂ ಸಲ 'ಏನೂ ತಕರಾರಿಲ್ಲ' ಅಂತ ಬರದಾರವ್ವಾ," ಎಂದಳು.

"ನಾಳೆ ಮತ್ತ ಹೋಗೂಣು," ಅಂದೆ ಇವರಿಗೆ. "ಇಡೀ ಕಾಲ ಹೋಗೂದರಾಗ ಹೋಗೂಣು."

"ಹದಿನೈದ ದಿನಕ್ಕ ತಾರೀಖ ಕೊಟ್ಟಾರ. ತಾರೀಖ ಬಿಟ್ಟು ಹೋಗಾಕ ಬರೂದಿಲ್ಲ."

"ತಾರೀಖ ನಿಮ್ಮ ಬೆರಳಿಗೆ ಗೊತ್ತೈತೇನು?"

ಮುಖ ತಿರುಗಿಸಿ, ಕೂತಲ್ಲೇ ಬೂಟಿಗೆ ಪಾಲಿಶ್ ಹಚ್ಚತೊಡಗಿದರು.

ಮರುದಿನ ಬೆಳಿಗ್ಗೆ ಅವರು ಏಳುವ ಮೊದಲೇ ಎರಡೂ ಬೂಟು ಒಯ್ದು ಎಮ್ಮೆ ನೀರು ಕುಡಿಯುವ ದೋಣಿಯಲ್ಲಿ ಮುಳುಗಿಸಿದೆ. ಎದ್ದವರು ಕನ್ನಡದಲ್ಲಿ ಬೈದರು, ಹಿಂದಿಯಲ್ಲಿ ಬೈದರು. ಬೈಯಲಿ ಎಂದು ಬಿಟ್ಟೆ. ಕಾಲಿಗೆ ನನ್ನ ಹಳೆಯ ಸೀರೆಯ ತುಂಡು ಸುತ್ತಿ, ಮೊದಲ ಬಸ್ಸು ಹತ್ತಿಸಿದೆ.

"ಇವತ್ತ ನಿಮ್ಮ ತಾರೀಖ ಅಲ್ಲ ಮಾವಶಿ, ಹೊರಗ ಕುಂದರ್ರಿ," ಎಂದು ಕಂಪೌಂಡರ ಅಡ್ಡ ಬಂದ. ಅವನನ್ನು ದಾಟಿ, ಗಂಡನ ರಟ್ಟೆ ಹಿಡಿದು ಪರದೆ ಸರಿಸಿದೆ. ಇವರು ಅಲ್ಲಿಯೂ ಹಿಮ್ಮಡಿ ಜೋಡಿಸಿದರು. ಬೂಟಿಲ್ಲ, ಸದ್ದು ಬರಲಿಲ್ಲ. ಸಾಹೇಬರು ತಲೆ ಎತ್ತದೆ ಕಾರ್ಡು ಎಳೆದುಕೊಂಡು, "ಕೈಸಾ ಹೈ, ಹವಾಲ್ದಾರ್?" ಅಂದರು. ಗಂಡ ಬಾಯಿ ತೆರೆಯುವಷ್ಟರಲ್ಲಿ ಅವರನ್ನು ಸ್ಟೂಲಿನ ಮೇಲೆ ದಬ್ಬಿ ಕೂರಿಸಿ, ಸೀರೆಯ ತುಂಡು ಬಿಚ್ಚಿ, ಆ ಕಾಲನ್ನು ಎತ್ತಿ ಮೇಜಿನ ಮೇಲೆ, ಕಾರ್ಡಿನ ಮೇಲೆಯೇ ಇಟ್ಟೆ.

"ಈಗ ಬರೀರಿ," ಅಂದೆ.